ಶ್ರುತಿ ಹಿಡಿಯುವವನು

"ಇವನು ಎಲ್ಲಿಗೆ ಎದ್ದು ಹೋದ?"

ಗಾಜಿನ ಬೀರುವಿನ ಮುಂದೆ ನಿಂತು ಮುಕುಂದಯ್ಯ ಕೇಳಿದ್ದು ಯಾರನ್ನೂ ಅಲ್ಲ. ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬೀರುವಿನೊಳಗೆ ಇದ್ದವರು ಉತ್ತರ ಹೇಳುವವರಲ್ಲ: ಕೀಲಿ ಕೊಟ್ಟರೆ ಕುಪ್ಪಳಿಸುವ ತಗಡಿನ ಕಪ್ಪೆ, ಹಿಂದೆ ಟೀ ಪುಡಿಯ ಪೊಟ್ಟಣದೊಳಗೆ ಬರುತ್ತಿದ್ದ ಪ್ಲಾಸ್ಟಿಕ್ಕಿನ ಆನೆ, ಒಂಟೆ, ಒಂದೇ ಕಣ್ಣು ಮುಚ್ಚುವ ಬೊಂಬೆ, ಗೋಲಿಸೋಡಾದ ಹಸಿರು ಗೋಲಿ, ಯಾರದೋ ಅಜ್ಜನ ನಶ್ಯದ ಡಬ್ಬಿ. ನಡುವಿನ ಹಲಗೆಯ ಮೇಲೆ ಓಲಗದ ಮೇಳ. ಮರದವರು, ಹೆಬ್ಬೆರಳಿಗಿಂತ ತುಸು ಎತ್ತರ. ಓಲಗ ಊದುವವರು ಇಬ್ಬರು, ಡೋಲಿನವನೊಬ್ಬ, ತಾಳದವನೊಬ್ಬ. ಇವರ ಹಿಂದೆ ಕಾಲು ಮಡಚಿ ಕೂತು ಶ್ರುತಿಪೆಟ್ಟಿಗೆ ಒತ್ತುವವನು ಇರಬೇಕಿತ್ತು. ಅವನಿದ್ದ ಕಡೆ ಧೂಳಿಲ್ಲದ ಒಂದು ಪುಟ್ಟ ಚೌಕ ಮಾತ್ರ ಉಳಿದಿತ್ತು.

ಮಾರನೆಯ ದಿನ ಮಹಾನವಮಿ.

ಹೊಸನಗರದ ಪೇಟೆಯಲ್ಲಿ ಮುಕುಂದಯ್ಯನವರದು ಬಟ್ಟೆ ಅಂಗಡಿ. ಹಳೆಯ ಆಟಿಕೆ ಸೇರಿಸುವ ಗೀಳು ಯಾವಾಗ ಹಿಡಿಯಿತೆಂದು ಅವರಿಗೇ ನೆನಪಿಲ್ಲ. "ಮೊಮ್ಮಕ್ಕಳಿಗಾ ಮಾರಾಯ್ರೆ?" ಎಂದು ಯಾರಾದರೂ ಕೇಳಿದರೆ, "ಅಲ್ಲ, ನಂಗೇ" ಎನ್ನುತ್ತಿದ್ದರು. ಓಲಗದ ಮೇಳ ಒಮ್ಮೆಗೇ ಸಿಕ್ಕಿದ್ದಲ್ಲ. ಊದುವವರಿಬ್ಬರು ತೀರ್ಥಹಳ್ಳಿಯ ಗುಜರಿ ಅಂಗಡಿಯಲ್ಲಿ, ಡೋಲಿನವನು ಹುಂಚದ ಒಂದು ಮನೆಯ ಅಟ್ಟದಲ್ಲಿ, ತಾಳದವನು ಆನಂದಪುರದಲ್ಲಿ. ಶ್ರುತಿಯವನು ಮಾತ್ರ ಬಹಳ ಕಾಯಿಸಿದ. ಕೊನೆಗೆ ಈ ಬೇಸಿಗೆಯಲ್ಲಿ ಇಕ್ಕೇರಿಯ ಕಡೆಯೊಂದು ಮನೆಯಲ್ಲಿ, ಸಾಸಿವೆ ಡಬ್ಬಿಯೊಳಗೆ, ಬಲಗೈ ಕಳಚಿಕೊಂಡು ಸಿಕ್ಕಿದ.

ಇವರನ್ನೆಲ್ಲ ಕೆತ್ತಿದವರು ಸಾಗರದ ಶಿವಮೂರ್ತಿಗಳು. ಹರೆಯದಲ್ಲಿ ಕೆತ್ತಿದ ಮೊದಲ ಮೇಳ ಅದು. ಯಾರೋ ಕೊಂಡರು, ಅವರ ಮಕ್ಕಳು ಪಾಲು ಮಾಡಿಕೊಂಡರು, ಮೇಳ ಊರೂರಿಗೆ ಚದುರಿತು. ಮುಕುಂದಯ್ಯ ಹುಡುಕಿಕೊಂಡು ಹೋಗಿ ವಿಷಯ ಹೇಳಿದಾಗ ಶಿವಮೂರ್ತಿಗಳು ದನಿ ಬಂದ ಕಡೆ ಮುಖ ತಿರುಗಿಸಿದರು. ಅವರ ಕಣ್ಣು ಮಂಜಾಗಿತ್ತು. "ಬೆಳಕು ಕಾಣ್ತದೆ. ಬೆಳಕಲ್ಲಿ ಇರೋದು ಕಾಣಲ್ಲ" ಎಂದರು. ಆಮೇಲೆ ಒಂದೇ ಒಂದು ಕೇಳಿದರು: "ನವಮಿ ದಿನ ಉಳಿಗಳಿಗೆ ಪೂಜೆ ಮಾಡ್ತೀನಿ. ಮುಂದಿನ ವರ್ಷ ಕೈಗೆ ಇಷ್ಟು ಬಲ ಇರ್ತದೋ ಇಲ್ವೋ. ಅವತ್ತು ಆ ಉಳಿಗಳ ಮುಂದೆ ಐದೂ ಜನರನ್ನ ನನ್ನ ಕೈಯಾರೆ ಕೂರಿಸ್ಬೇಕು."

ಮುಕುಂದಯ್ಯ ಆಗಲಿ ಎಂದಿದ್ದರು. ಆಡಿದ ಮಾತು ಅವರಿಗೆ ಹಚ್ಚಿಟ್ಟ ದೀಪದ ಹಾಗೆ, ಆರಲು ಬಿಡುವವರಲ್ಲ.

"ಎಂತ ಹುಡುಕ್ತಿದೀರಿ?" ಹೆಂಡತಿ ಸರೋಜ ಒಳಗಿನಿಂದ ಬಂದರು.

"ಶ್ರುತಿಯವನು ಇಲ್ಲ."

"ಯಾರವನು?"

"ಅದೇ, ಕೂತಿದ್ನಲ್ಲ. ಕೈ ಮುರಿದಿತ್ತು. ಅಂಟು ಹಾಕಿ ಒಣಗಲಿ ಅಂತ..." ಮುಕುಂದಯ್ಯ ಅಲ್ಲಿಗೇ ನಿಂತರು. ಎಲ್ಲಿ ಇಟ್ಟಿದ್ದೆನೆಂದು ಈಗ ನೆನಪಾಯಿತು. ಯಾರೂ ಕೈ ಹಾಕದ ಜಾಗ ಬೇಕೆಂದು ಅವನನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದರು.

ಸರೋಜ ಸೆರಗಿನ ತುದಿ ಹಿಡಿದುಕೊಂಡರು. "ಅವನು ನಿಮ್ಮ ಆಟದ ಗೊಂಬೆಯಾ? ಪದ್ಮಾಸನ ಹಾಕ್ಕೊಂಡು ಗೂಡಲ್ಲಿ ಕೂತಿದ್ದ. ಕೈ ಜೋಲ್ತಾ ಇತ್ತು. ಮುಕ್ಕಾದದ್ದು ಮನೇಲಿ ಇಡಬಾರದು ಅಂತ ನೀವೇ ಅಲ್ವ ಹೇಳೋದು? ಹೋದ ವಾರ ಹಬ್ಬಕ್ಕೆ ದೇವರ ಕೋಣೆ ತೊಳೆಯುವಾಗ, ಗಾಜು ಒಡೆದ ಪಟದ ಜೊತೆ ಅಶ್ವತ್ಥಕಟ್ಟೆಗೆ ಬಿಟ್ಟು ಬಂದೆ. ಅಕ್ಕಿಕಾಳು ಹಾಕಿ, ಕೈ ಮುಗಿದು, ತಪ್ಪಾಯ್ತು ಅಂತ ಹೇಳಿಯೇ ಬಂದೆ."

"ಅವನಿಗೆ ಕೈ ಮುಗಿದೆಯಾ?"

"ಮತ್ತೆ? ಅವನಿಗೆ ಒಬ್ಬರಾದ್ರೂ ಕೈ ಮುಗಿದ ಹಾಗಾಯ್ತಲ್ಲ. ನೀವು ಹಿಂದಿನ ಸಾಲಲ್ಲಿ ಕೂರಿಸಿದ್ರಿ."

ಬಯ್ಯಲು ಬಾಯಿ ತೆರೆದ ಮುಕುಂದಯ್ಯನಿಗೆ ನಗು ಬಂತು. ಚಪ್ಪಲಿ ಮೆಟ್ಟಿ ಇಬ್ಬರೂ ಕಟ್ಟೆಗೆ ಹೊರಟರು.

ಕಟ್ಟೆಯ ಮೇಲೆ ಒಡೆದ ಪಟಗಳಿದ್ದವು, ಬಣ್ಣ ಹೋದ ಗಣಪತಿಗಳಿದ್ದವು, ಸೊಟ್ಟಗಾದ ಹಿತ್ತಾಳೆಯ ದೀಪವಿತ್ತು. ಶ್ರುತಿಯವನಿರಲಿಲ್ಲ. ಮುಕುಂದಯ್ಯ ಬೇರಿನ ಸಂದಿಯಲ್ಲೆಲ್ಲ ಕೈಯಾಡಿಸಿದರು.

"ಅಯ್ಯಾ, ಅಲ್ಲಿ ಹಾವಿರ್ತದೆ" ಎಂದು ಕೂಗಿದವರು ಬೆಳ್ಳಮ್ಮ. ಕಟ್ಟೆಯ ಪಕ್ಕ ಹೂ ಮಾರುವವರು. ಅವರತ್ತ ತಿರುಗಿದ ಮುಕುಂದಯ್ಯನ ಕಣ್ಣು ಹೂವಿನ ಬುಟ್ಟಿಯ ಮುಂದೆಯೇ ನಿಂತಿತು. ಮಗುಚಿಟ್ಟ ತೆಂಗಿನ ಗೆರಟೆ. ಅದರ ಮೇಲೆ ಶ್ರುತಿಯವನು. ಹಣೆಗೆ ಕುಂಕುಮ, ತಲೆಗೆ ಸೇವಂತಿಗೆಯ ಎಸಳು. ಜೋಲುತ್ತಿದ್ದ ಕೈಯನ್ನು ಬಾಳೆನಾರಿನಿಂದ ಭುಜಕ್ಕೆ ಕಟ್ಟಿತ್ತು.

"ಇವನು ನಮ್ಮನೆಯವನು, ಬೆಳ್ಳಮ್ಮ."

"ಬಿಟ್ಟು ಹೋದ್ಮೇಲೆ ನಿಮ್ಮನೆಯವನು ಹೆಂಗಾಗ್ತಾನೆ?"

ಸರೋಜ ನೆಲ ನೋಡಿದರು. ಮುಕುಂದಯ್ಯ ಶಿವಮೂರ್ತಿಗಳ ಕಣ್ಣಿನ ವಿಷಯ, ಉಳಿಪೂಜೆಯ ವಿಷಯ, ತಾವು ಕೊಟ್ಟ ಮಾತು ಎಲ್ಲ ಹೇಳಿದರು. ಬೆಳ್ಳಮ್ಮ ಹೂ ಕಟ್ಟುವ ಕೈ ನಿಲ್ಲಿಸದೆ ಕೇಳಿದರು. ಬಿಸಿಲು ಗೆರಟೆಯ ಮೇಲೆ ಬಿದ್ದಾಗ ಅದನ್ನು ಬುಟ್ಟಿಯ ನೆರಳಿಗೆ ಎಳೆದುಕೊಂಡರು, ತಮ್ಮ ತಲೆಯ ಮೇಲಿನ ಬಿಸಿಲು ಹಾಗೆಯೇ ಇತ್ತು.

"ನೀವು ಈಗ ತಗೊಂಡು ಹೋದ್ರೆ ವಾಪಸ್ ಬರ್ತಾನಾ?"

ಮುಕುಂದಯ್ಯನಿಗೆ ಸುಳ್ಳು ಹೇಳಲು ಬರಲಿಲ್ಲ.

"ಹಂಗಾದ್ರೆ ಒಬ್ನೇ ಕಳ್ಸಲ್ಲ. ನಾನೂ ಬರ್ತೀನಿ. ಆದ್ರೆ ನಾಳೆ ಆಯುಧಪೂಜೆ, ನಂಗೆ ವರ್ಷದ ಯಾಪಾರ. ಬುಟ್ಟಿ ಖಾಲಿಯಾಗದೆ ಏಳಂಗಿಲ್ಲ."

ನವಮಿಯ ಬೆಳಿಗ್ಗೆ ಮುಕುಂದಯ್ಯ ತಮ್ಮ ಅಂಗಡಿಯ ಕತ್ತರಿಗೂ ಮೀಟರ್ ಕೋಲಿಗೂ ಬೇಗನೆ ಪೂಜೆ ಮುಗಿಸಿ ಕಟ್ಟೆಗೆ ಬಂದರು. ಸರೋಜ ಆಗಲೇ ಬೆಳ್ಳಮ್ಮನ ಪಕ್ಕ ಕೂತು ಹೂ ಕಟ್ಟುತ್ತಿದ್ದರು. ಜನ ಮುತ್ತಿದ್ದರು. ಬೈಕಿಗೊಂದು ಹಾರ, ಜೀಪಿಗೊಂದು ಹಾರ, ಹಿಟ್ಟಿನ ಗಿರಣಿಗೊಂದು. ಬೇಗ ಮುಗಿಯಲಿ ಎಂದು ಮುಕುಂದಯ್ಯನೂ ಕೂತರು.

"ಇದೇನು, ಬಟ್ಟೆ ಬಿಟ್ಟು ಹೂವಿಗೆ ಇಳಿದ್ರಾ?" ಗ್ಯಾರೇಜಿನ ಯೋಗರಾಜ್ ಕೇಳಿದ.

"ನಿನ್ನ ಗ್ಯಾರೇಜಿಗೆ ಎಷ್ಟು ಮೊಳ ಬೇಕು, ಅಷ್ಟು ಹೇಳು."

ಬಟ್ಟೆ ಅಳೆದ ಕೈ. ಅಳತೆಗೆ ಮೇಲೆ ಒಂದಿಷ್ಟು ಬಿಟ್ಟು ಕತ್ತರಿಸುವುದು ಅದರ ರೂಢಿ. ಬೆಳ್ಳಮ್ಮ ಓರೆಗಣ್ಣಲ್ಲಿ ನೋಡಿ ನೋಡಿ ಕೊನೆಗೆ ಅಂದರು: "ಅಯ್ಯಾ, ನಿಮ್ಮ ಮೊಳ ಉದ್ದ ಆಯ್ತು. ಹಿಂಗೆ ಅಳೆದ್ರೆ ಸಂಜೆಗೆ ಈ ಕಟ್ಟೇನೂ ಮಾರ್ಬೇಕು."

"ಅದ್ಕೇ ನಮ್ಮ ಅಂಗಡಿ ಇನ್ನೂ ಒಂದೇ ಬಾಗಿಲಲ್ಲಿ ಇರೋದು" ಎಂದರು ಸರೋಜ.

ಹೂ ಕೊಳ್ಳಲು ಬಂದವರಲ್ಲಿ ಕೆಲವರು ಗೆರಟೆಯ ಮೇಲಿದ್ದವನನ್ನೂ ಮಾತಾಡಿಸಿ ಹೋಗುವುದನ್ನು ಮುಕುಂದಯ್ಯ ಗಮನಿಸಿದರು. "ಕೂತಪ್ಪಂಗೆ ಕೈ ಹೆಂಗಿದೆ?" ಎಂದು ಒಬ್ಬಳು. "ಇವತ್ತು ಕೂತಪ್ಪ ಜೋರು" ಎಂದು ಇನ್ನೊಬ್ಬ. ಮನೆಯ ಬೀರುವಿನ ಮುಂದೆ ನಿಂತವರು ತಗಡಿನ ಕಪ್ಪೆಯನ್ನು ಹೊಗಳುತ್ತಿದ್ದರು, ಡೋಲಿನವನ ಮೀಸೆಯನ್ನು ಮೆಚ್ಚುತ್ತಿದ್ದರು. ಹಿಂದೆ ಕೂತವನ ಬಗ್ಗೆ ಒಬ್ಬರಾದರೂ ಕೇಳಿದ್ದು ಅವರಿಗೆ ನೆನಪಾಗಲಿಲ್ಲ.

ಬುಟ್ಟಿ ಬರಿದಾದ ಮೇಲೆ ಮೂವರೂ ಬಸ್ಸು ಹತ್ತಿದರು. ನಾಲ್ವರು ಸರೋಜರ ಬಿಸ್ಕತ್ತಿನ ಡಬ್ಬಿಯಲ್ಲಿ, ಹತ್ತಿಯೊಳಗೆ. ಐದನೆಯವನು ಬೆಳ್ಳಮ್ಮನ ಮಡಿಲಲ್ಲಿ, ಬಾಳೆಲೆಯ ದೊನ್ನೆಯೊಳಗೆ. ಬಸ್ಸಿನ ಮೂತಿಗೂ ಹಾರ ಹಾಕಿತ್ತು. "ನಮ್ಮದೇ ಹೂವು" ಎಂದರು ಬೆಳ್ಳಮ್ಮ, "ನಿಮ್ಮ ಮೊಳದ್ದು. ನೋಡಿ, ನೆಲ ಮುಟ್ತಾ ಇದೆ."

ಸಾಗರದಲ್ಲಿ ಶಿವಮೂರ್ತಿಗಳು ಬೆಳಗಿನಿಂದ ಪೂಜೆ ಮಾಡದೆ ಕಾದಿದ್ದರು. ಹಲಗೆಯ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಸಾಲಾಗಿ ಉಳಿಗಳು, ಕೊನೆಯಲ್ಲಿ ಉಳಿಗೆ ಬಡಿಯುವ, ಹಿಡಿ ಸವೆದ ಕೊಡತಿ. ಸರೋಜ ಒಬ್ಬೊಬ್ಬರನ್ನೇ ಅವರ ಅಂಗೈಗೆ ಕೊಟ್ಟರು. ಅವರು ಹೆಬ್ಬೆರಳಲ್ಲಿ ಸವರಿ, "ಇವನು ಊದುವವನು, ಕೆನ್ನೆ ಸ್ವಲ್ಪ ಜಾಸ್ತಿ ಉಬ್ಬಿಸಿಬಿಟ್ಟೆ" ಎಂದು ನಗುತ್ತ ನಿಲ್ಲಿಸಿದರು. ನಾಲ್ವರೂ ಆದ ಮೇಲೆ ಅಂಗೈ ಚಾಚಿ ಕಾದರು.

ಬೆಳ್ಳಮ್ಮ ದೊನ್ನೆ ಬಿಚ್ಚಿ ಕೊಟ್ಟರು.

ಶಿವಮೂರ್ತಿಗಳ ಬೆರಳು ಬಾಳೆನಾರಿನ ಗಂಟನ್ನು ಮುಟ್ಟಿತು, ಹಣೆಯ ಕುಂಕುಮವನ್ನು ಮುಟ್ಟಿತು. "ಕುಂಕುಮ ಯಾರು ಇಟ್ಟದ್ದು?"

ಮುಕುಂದಯ್ಯ ಬಾಯಿ ತೆರೆಯುವ ಮೊದಲೇ ಬೆಳ್ಳಮ್ಮ, "ನಾನೇ" ಎಂದರು.

"ಇವನು ದೇವರಲ್ಲ ಕಣಮ್ಮ. ಶ್ರುತಿ ಹಿಡಿಯೋನು. ನಾಲ್ವರಿಗೆ ಆಗಿ ಮಿಕ್ಕ ತುಂಡಲ್ಲಿ ಮಾಡಿದ್ದು. ನಿಲ್ಲುವಷ್ಟು ಉದ್ದ ಮರ ಸಾಲದೆ ಇವನನ್ನ ಕೂರಿಸಿದೆ."

"ದೇವರಲ್ಲ ಅಂತ ಗೊತ್ತು ಬಿಡಿ. ಪೆಟ್ಟಿಗೆ ಒತ್ತೋ ದೇವರು ಎಲ್ಲಿದಾನೆ? ಒಬ್ನೇ ಕೂತಿದ್ದ, ನಾನೂ ದಿನಾ ಒಬ್ಳೇ ಕೂತಿರ್ತೀನಿ. ಜೊತೆ ಆಯ್ತು."

ಶಿವಮೂರ್ತಿಗಳು ಬಹಳ ಹೊತ್ತು ಅವನನ್ನು ಅಂಗೈಯಲ್ಲೇ ಇಟ್ಟುಕೊಂಡರು. ಆಮೇಲೆ ಉಳಿದ ನಾಲ್ವರ ಹಿಂದೆ ಅಲ್ಲ, ನಡುವೆ ಕೂರಿಸಿದರು. ಆರತಿ ಎತ್ತಿದರು. ಎಳವೆಯಲ್ಲಿ ತಂದೆಯಿಂದ ಕೇಳಿ ಕಲಿತ ಪದ್ಯವೊಂದನ್ನು ಮುಕುಂದಯ್ಯ ಮೆಲ್ಲನೆ ಹೇಳಿದರು. ತಂದೆ ಪದ್ಯ ಓದುವ ಸಂಜೆಗಳಲ್ಲಿ ಮೂಲೆಯಲ್ಲೊಬ್ಬರು ಶ್ರುತಿಪೆಟ್ಟಿಗೆ ಒತ್ತುತ್ತಿದ್ದರು. ಅವರ ಮುಖ ನೆನಪಿಸಿಕೊಳ್ಳಲು ಮುಕುಂದಯ್ಯ ನೋಡಿದರು. ದನಿ ಕಿವಿಯಲ್ಲಿತ್ತು, ಮುಖ ಬರಲಿಲ್ಲ.

ಪಾನಕ ಕುಡಿದಾಯಿತು. "ಬರೋ ವರ್ಷವೂ ಬನ್ನಿ, ಎಲ್ರೂ" ಎಂದರು ಶಿವಮೂರ್ತಿಗಳು. ಬಲ ಇರುತ್ತದೋ ಇಲ್ಲವೋ ಎಂಬ ಮಾತು ಈ ಸಲ ಬರಲಿಲ್ಲ. ಸರೋಜ ಬಿಸ್ಕತ್ತಿನ ಡಬ್ಬಿ ತೆರೆದು ನಾಲ್ವರನ್ನು ಹತ್ತಿಯಲ್ಲಿ ಮಲಗಿಸಿದರು.

ಬೆಳ್ಳಮ್ಮ ಶ್ರುತಿಯವನನ್ನು ಎತ್ತಿಕೊಂಡರು. ತಲೆಯ ಮೇಲಿನ ಬಾಡಿದ ಎಸಳನ್ನು ತೆಗೆದು ತಮ್ಮ ಮುಡಿಗೆ ಸಿಕ್ಕಿಸಿಕೊಂಡರು. ಆಮೇಲೆ ಅವನನ್ನು ಡಬ್ಬಿಯತ್ತ ಚಾಚಿದರು.

"ಇವನನ್ನೂ ಇಟ್ಕಳಿ ಅಯ್ಯಾ. ಒಟ್ಟಿಗೆ ಹುಟ್ಟಿದೋರು. ಅಗಲ್ಸೋಕೆ ನಾನ್ಯಾರು?"

ಹತ್ತಿಯ ನಡುವೆ ಐದನೆಯವನಿಗೆ ಸರಿಯಾಗಿ ಜಾಗವಿತ್ತು. ಬೀರುವಿನಲ್ಲಿಯೂ ಇತ್ತು, ಧೂಳಿಲ್ಲದ ಆ ಚೌಕ. ಇಷ್ಟು ವರ್ಷ ಊರೂರು ತಿರುಗಿದ್ದು ಅದನ್ನು ತುಂಬಲಿಕ್ಕೇ. ಮುಕುಂದಯ್ಯ ಬಾಳೆನಾರಿನ ಗಂಟನ್ನು ನೋಡಿದರು. ತಾವು ಹಾಕಿದ ಅಂಟು ಬಿಟ್ಟಿತ್ತು. ಗಂಟು ಬಿಟ್ಟಿರಲಿಲ್ಲ.

ಸರೋಜರ ಕೈಯಿಂದ ಡಬ್ಬಿ ತೆಗೆದುಕೊಂಡು, ನಾಲ್ವರ ಮೇಲೇ ಮುಚ್ಚಳ ಒತ್ತಿ ಹಾಕಿದರು.

"ಇಲ್ಲ ಬೆಳ್ಳಮ್ಮ. ನಾನು ತಗೊಳ್ಳಲ್ಲ."