ಪರದೆಯ ಕೆಳಗೆ ಓಡಿದ ಹೆಸರು

“ಯುಗಾದಿಗೆ ಮನೆಗೆ ಬಾ, ಇಷ್ಟೇ ಬರಿ. ಕೆಳಗೆ ಅಪ್ಪಾಜಿ ಅಂತ ಹಾಕು, ಸಾಕು,” ಎಂದರು ಕಲ್ಲೇಶಪ್ಪ.

ಕೇಬಲ್ ಆಫೀಸಿನ ಕೊಟ್ಟೂರೇಶ್ ಕಂಪ್ಯೂಟರಿನ ಮುಂದೆ ಕೂತು, “ಯಾರ್ಗೆ ಸಾವ್ಕಾರ್ರೆ?” ಎಂದು ಕೇಳಿದ. ಕಲ್ಲೇಶಪ್ಪ ಹೆಂಡತಿಯ ಕಡೆ ನೋಡಿದರು. ಆ ಹೆಸರು ಅವರ ಬಾಯಲ್ಲಿ ಬಂದು ಎಷ್ಟೋ ಕಾಲವಾಗಿತ್ತು. ಸರ್ವಮಂಗಳಮ್ಮನೇ ಹೇಳಿದರು: “ರೂಪಶ್ರೀ. ಸರಸ್ವತಿ ನಗರ.”

ಮಗಳು ಜಾತಿ ಬಿಟ್ಟು ಭಾನುವಳ್ಳಿಯ ಹರೀಶನನ್ನು ಮದುವೆಯಾದ ಮೇಲೆ ಕೆ.ಬಿ. ಬಡಾವಣೆಯ ತಂದೆಯ ಮನೆಯಲ್ಲಿ ಅವಳ ಸುದ್ದಿ ಎತ್ತುವಂತಿರಲಿಲ್ಲ. ಆದರೆ ಟಿ.ವಿ.ಗೆ ಯಾರ ಅಪ್ಪಣೆ? ಗುರುವಾರ ಸಂಜೆ ಊರಿನ ಕೇಬಲ್ ಚಾನೆಲ್‌ನಲ್ಲಿ, ಫೋನ್ ಮಾಡಿ ಕೇಳಿದವರ ಹಾಡು ಹಾಕುತ್ತಿದ್ದರು. ಅವರ ಹೆಸರು ಪರದೆಯ ಕೆಳಗೆ ಓಡುತ್ತಿತ್ತು. ರೂಪಶ್ರೀಯ ಹೆಸರು ತಪ್ಪದೆ ಇರುತ್ತಿತ್ತು. ತಾಯಿ ನೋಡಲೆಂದೇ ಅವಳು ಫೋನ್ ಮಾಡುತ್ತಾಳೆಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಕಲ್ಲೇಶಪ್ಪ ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದರು. ಆ ಹೊತ್ತಿನಲ್ಲಿ ಪುಟ ತಿರುಗುತ್ತಿರಲಿಲ್ಲ, ಅಷ್ಟೇ. ಒಂದೇ ಊರು, ಆಟೋ ಹತ್ತಿದರೆ ಹೋಗಿ ಬರಬಹುದಿತ್ತು. ಮರ್ಯಾದೆ ಅಡ್ಡ ಬಂದರೆ ಪಕ್ಕದ ಓಣಿಯೂ ಕಾಶಿಯಷ್ಟು ದೂರ.

ದೀಪಾವಳಿ ಕಳೆದ ಮೇಲೆ ಹರೀಶನ ಫೋನ್ ಬಂದಿತ್ತು. ಸರ್ವಮಂಗಳಮ್ಮ ಎತ್ತಿದ್ದರು. “ರೂಪಾಗೆ ಕಾಮಾಲೆ ಜೋರಾಗೈತ್ರಿ. ನಿಮ್ಮನ್ನ ನೋಡ್ಬೇಕು ಅಂತಾಳೆ,” ಎಂದಿದ್ದ. ಎಲ್ಲಿಂದ ಮಾತಾಡುತ್ತಿದ್ದಾನೆಂದು ಹೇಳುವ ಮೊದಲೇ ಕಲ್ಲೇಶಪ್ಪ ಕಸಿದು ಇಟ್ಟುಬಿಟ್ಟಿದ್ದರು. ಅಂದು ಗುರುವಾರ. ಸರ್ವಮಂಗಳಮ್ಮ ಸೀರೆ ಬದಲಿಸಿ ಹೊರಟು ನಿಂತಾಗ ಪರದೆಯ ಕೆಳಗೆ ಮಗಳ ಹೆಸರು ಓಡಿತು.

“ನೋಡಿದ್ಯಾ? ಕಾಮಾಲೆ ಬಂದೋರು ಫೋನ್ ಮಾಡಿ ಹಾಡು ಕೇಳ್ತಾರಾ? ಎಲ್ಲ ನಮ್ಮನ್ನ ಕರೆಸ್ಕೊಳ್ಳೋ ಆಟ,” ಎಂದರು ಕಲ್ಲೇಶಪ್ಪ.

ಸರ್ವಮಂಗಳಮ್ಮನಿಗೆ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಾಯಿತು. ಮಗಳು ಚೆನ್ನಾಗಿದ್ದಾಳೆ, ಅಷ್ಟು ಸಾಕು ಎಂದುಕೊಂಡು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದರು. ಆಮೇಲೂ ವಾರ ವಾರ ಹೆಸರು ಬಂತು. ಹಬ್ಬ ಹತ್ತಿರವಾದಂತೆ ಕಲ್ಲೇಶಪ್ಪನವರ ಬಿಗಿಯೂ ಸಡಿಲವಾಯಿತು. ಆದರೂ ಅಳಿಯನ ಹೊಸಿಲು ತುಳಿಯಲಾರರು, ಟಿ.ವಿ.ಯಲ್ಲೇ ಕರೆದರಾಯಿತು ಎಂದು ಇಲ್ಲಿಗೆ ಬಂದಿದ್ದರು.

ಕೊಟ್ಟೂರೇಶ್ ಟೈಪ್ ಮಾಡುವುದನ್ನು ನಿಲ್ಲಿಸಿದ. “ಸರಸ್ವತಿ ನಗರದ ಅಕ್ಕಾರಾ? ಅವ್ರು ಫೋನ್ ಮಾಡೋದು ಬಿಟ್ಟು ಬಾಳ ದಿನ ಆತಲ್ರೀ. ದೀಪಾವಳಿಗಿಂತ ಮುಂಚೇನೇ.”

“ಹೋದ ವಾರ ಬಂದಿತ್ತಲ್ಲೋ ಹೆಸರು!” ಎಂದರು ಕಲ್ಲೇಶಪ್ಪ.

“ಫೋನ್ ಕಡಿಮೆ ಬಂದ್ರೆ ಹಳೇ ಹೆಸರೇ ಬಿಡ್ತೀವ್ರಿ. ಕೆಳಗೆ ಖಾಲಿ ಇದ್ರೆ, ಇದನ್ನ ಯಾರೂ ನೋಡಲ್ಲ ಅಂದ್ಕೋತಾರೆ ಜನ.” ನಗಲು ಹೋದವನು ಸರ್ವಮಂಗಳಮ್ಮನ ಮುಖ ನೋಡಿ ಎದ್ದು ನಿಂತ.

ಅಲ್ಲಿಂದಲೇ ಆಟೋ ಹತ್ತಿ ಹೋದರೆ, ಸರಸ್ವತಿ ನಗರದ ಮನೆಯಲ್ಲಿ ಬೇರೆ ಯಾರೋ ಇದ್ದರು. ಹಳಬರು ಊರಿಗೆ ಹೋದರಂತೆ ಎಂದಷ್ಟೇ ಅವರಿಗೆ ಗೊತ್ತು. ಗಂಡ ಹೆಂಡತಿ ಹರಿಹರದಲ್ಲಿ ಬಸ್ ಬದಲಿಸಿ ಹರೀಶನ ಊರು ಭಾನುವಳ್ಳಿ ಮುಟ್ಟಿದರು.

ಹರೀಶನ ತಾಯಿ ಹಂಪವ್ವ ಒಬ್ಬಳೇ ಇದ್ದಳು. ಬಂದವರು ಯಾರೆಂದು ಕೇಳಲಿಲ್ಲ. “ಬರ್ರಿ, ಕೂಡ್ರಿ,” ಎಂದು ಚಾಪೆ ಹಾಸಿ ನೀರು ಕೊಟ್ಟಳು. ಆಮೇಲೆ ಹೇಳಿದಳು: “ನಮ್ಮ ಹೊಲದಾಗೇ ಮಣ್ಣು ಮಾಡೀವ್ರಿ. ನಿಮಗೆ ಫೋನ್ ಮಾಡಿ ಬಂದ ಹರೀಶ, ಅಪ್ಪ ಅಮ್ಮ ಬರ್ತಾರೆ ಅಂತ ಅವಳಿಗೆ ಹೇಳಿದ್ದ. ದಿನಾ ನನ್ನ ಕೈಲಿ ತಲೆ ಬಾಚ್ಸ್ಕೊಂಡು ಬಾಗ್ಲು ಕಡೆ ಮುಖ ಮಾಡಿ ಮಲಗ್ತಿದ್ಲು.”

ಕಲ್ಲೇಶಪ್ಪ ನೀರಿನ ಲೋಟ ಕೆಳಗಿಟ್ಟರು. “ಟೀವ್ಯಾಗೆ ಹೆಸರು ಬರ್ತಿತ್ತು,” ಎಂದರು.

ಹಂಪವ್ವನಿಗೆ ಅದು ತಿಳಿಯಲಿಲ್ಲ. “ನಮ್ಮ ಮನ್ಯಾಗೆ ಟೀವಿ ಇಲ್ರಿ, ಯಜಮಾನ್ರೆ,” ಎಂದಳು.

ಸರ್ವಮಂಗಳಮ್ಮ ಎದ್ದು, “ಹೊಲ ಯಾವ ಕಡೆ ಐತವ್ವ?” ಎಂದು ಕೇಳಿದರು. ಕಲ್ಲೇಶಪ್ಪ ಗೋಡೆಗೆ ಕೈಯೂರಿ ಏಳಲು ನೋಡುತ್ತಿದ್ದರು. ಸರ್ವಮಂಗಳಮ್ಮ ಅವರಿಗಾಗಿ ನಿಲ್ಲದೆ, ಕಾಲುವೆ ಏರಿಯ ಮೇಲೆ ಹಂಪವ್ವನ ಹಿಂದೆ ನಡೆದರು.