ಹೆಚ್ಚು ಕಾಣುವ ಸೋಮನಿಂಗ

ಹೊರ್ತಿಯ ಸೋಮನಿಂಗ ನೆರಳು ದಾಟುವುದನ್ನು ನೀವು ನೋಡಬೇಕು. ಲೈಟಿನ ಕಂಬದ ನೆರಳು ದಾರಿಗೆ ಅಡ್ಡ ಬಿದ್ದಿದ್ದರೆ ಸಾಕು, ಪ್ಯಾಂಟನ್ನು ಮೊಣಕಾಲಿಗೇರಿಸಿ, ಕಡಲು ಹಾರಲಿರುವ ಹನುಮಪ್ಪನಂತೆ ನಿಂತು ಉಸಿರು ತುಂಬಿಕೊಂಡು, ಜಿಗಿದೇ ಬಿಡುತ್ತಾನೆ. ಕಟ್ಟೆಯ ಮೇಲೆ ಕುಳಿತ ನಾವು, ಆಲಸ್ಯದಲ್ಲಿ ಅದ್ವಿತೀಯರು, ಭಲೇ ಎನ್ನುತ್ತೇವೆ.

"ನಗ್ರಿ ಕಾಕಾ. ನಿಮಗ ಅದು ನೆರಳು. ನನಗ ಹಳ್ಳ, ಹರಿಯಾಕತ್ತೈತಿ," ಎನ್ನುತ್ತಾನೆ ಆತ.

ಒಂದು ಕಾಲಕ್ಕೆ ಲಿಂಬೆಯ ರಾಶಿಯ ಮುಂದೆ ಆತ ಚಕ್ರವರ್ತಿ. ದಪ್ಪನೆಯದು ಈ ಬುಟ್ಟಿಗೆ, ಮಚ್ಚೆಯದು ಆ ಬುಟ್ಟಿಗೆ, ಹರಟುತ್ತಲೇ ಎಸೆಯುತ್ತಿದ್ದ; ಆ ಕಣ್ಣು ತಪ್ಪಿದ್ದನ್ನು ಕಂಡವರಿಲ್ಲ. ಮದುವೆಯ ಹೊಸತರಲ್ಲಿ ಲಿಂಬೆಯ ಲಾರಿಯೊಡನೆ ಮುಂಬೈಗೆ ಹೋದಾಗ, ಅಲ್ಲಿಯ ಗೆಳೆಯರು ನಿಶೆಯ ಮದ್ದಿನಲ್ಲಿ ಅದ್ದಿದ, ಅಂಚೆಚೀಟಿಯಷ್ಟು ಕಾಗದ ಕೊಟ್ಟು, ನಾಲಿಗೆಯ ಮೇಲಿಟ್ಟುಕೋ, ಇಲ್ಲದ ಬಣ್ಣಗಳೆಲ್ಲ ಕಾಣುತ್ತವೆ ಎಂದರು. ಒಂದೇ ಸಲ ಎಂದು ಇಟ್ಟುಕೊಂಡ. ಸ್ಟಾಂಪು ಹಚ್ಚಿದ ಮೇಲೆ ರವಾನೆಯಾಗಲೇಬೇಕಲ್ಲ! ಗೆಳೆಯರು ಮರುದಿನ ಎದ್ದು ಚಹಾ ಕುಡಿದರು. ಇವನ ಟಪಾಲು ಮಾತ್ರ ಪೂರ್ತಿ ಮರಳಲಿಲ್ಲ.

ತಾಯಿ ಕಸ್ತೂರೆವ್ವ ಇದನ್ನು ಇಳಿಯದ ನಿಶೆ ಎಂದಳು, ಆಮೇಲೆ ದೆವ್ವ ಎಂದಳು. ಎರಡಕ್ಕೂ ಮದ್ದು ಲಿಂಬೆ; ನಮ್ಮ ಇಂಡಿ ಸೀಮೆಯಲ್ಲಿ ಅದಕ್ಕೇನು ಬರ! ರಸ ಕುಡಿಸಿದಳು, ನೆತ್ತಿಗೆ ತಿಕ್ಕಿದಳು, ಮುಖದ ಸುತ್ತ ಹಣ್ಣು ನಿವಾಳಿಸಿದಳು.

"ಯವ್ವಾ, ತಿರುಗಿಸಬ್ಯಾಡ! ಒಂದು ಹಣ್ಣಿನ ಹಿಂದ ಹಣ್ಣಿನ ಮಾಲಿನೇ ಬರಾಕತ್ತೈತಿ," ಎಂದು ಆತ ಅಳುತ್ತಿದ್ದರೆ, "ನೋಡ್ರಿ, ದೆವ್ವ ಲಿಂಬಿಗಿ ಅಂಜಾಕತ್ತೈತಿ," ಎಂದು ಆಕೆ ಇನ್ನಷ್ಟು ಹುರುಪಿನಿಂದ ತಿರುಗಿಸುತ್ತಿದ್ದಳು.

ಕಡೆಗೆ ವಿಜಯಪುರದ ಡಾಕ್ಟರೊಬ್ಬರು ಹೇಳಿದರು: "ನಿಶೆ ಎಂದೋ ಇಳಿದೈತಿ. ಕಣ್ಣೂ ಛಲೋ ಅದಾವ. ಮಿದುಳಿನ್ಯಾಗ ನೋಡೋ ಹದ ತಪ್ಪೇತಿ. ಕೆಲವರಿಗಿ ಕಮ್ಮಿ ಆಗತೈತಿ, ಕೆಲವರಿಗಿ ಉಳೀತೈತಿ. ಇನ್ನೊಮ್ಮಿ ಅದನ್ನ ಮುಟ್ಟಬ್ಯಾಡ."

ಲಿಂಬೆಯ ಕೆಲಸ ಹೋಯಿತು. ಅದಕ್ಕಾತ ಅಷ್ಟು ಕೊರಗಲಿಲ್ಲ. ಒಮ್ಮೆ ತುಂಬಿದ ಕೊಡವನ್ನು ಜಗಲಿಯ ಮೇಲೆಂದು ಬರೀ ಗಾಳಿಯ ಮೇಲಿಟ್ಟ. ಅಂದಿನಿಂದ ಮಗಳು ಪ್ರಿಯದರ್ಶಿನಿಯನ್ನು ಎತ್ತಿಕೊಂಡಿಲ್ಲ. ಕೂಸು ಅಂಬೆಗಾಲಿಟ್ಟು ಬಂದು ಕೈ ಚಾಚಿದರೆ ಗೋಡೆಗೆ ಒತ್ತಿಕೊಂಡು ಕೂಡುತ್ತಾನೆ.

ಮೊನ್ನೆ ನನ್ನೆದುರಿಗೇ ಹೆಂಡತಿ ಕಾವೇರಿ ಸಿಡಿದಳು: "ಎತ್ಕೊಳ್ರಲ್ಲಾ! ಮಗಳೇನು ಕಚ್ಚತಾಳೇನು?"

"ಕೈ ಭಾಳ ಕಾಣತಾವ, ಕಾವೇರಿ. ಯಾವುದು ಹಿಡೀಲಿ?"

ಕಾವೇರಿ ಕೂಸನ್ನು ಅವನ ತೊಡೆಯ ಮೇಲೆ ಕೂಡಿಸಿದಳು. ಆತ ಕಣ್ಣು ಗಟ್ಟಿಯಾಗಿ ಮುಚ್ಚಿ, ಆಮೇಲೆ ಅಪ್ಪಿಕೊಂಡ.

ಕುರುಡನ ಕೈಗೆ ಊರು ಕೋಲು ಕೊಡುತ್ತದೆ, ಕುಡುಕನ ನಿಶೆ ಇಳಿಯಲೆಂದು ಮುಂಜಾನೆಯವರೆಗೆ ಕಾಯುತ್ತದೆ. ಎಲ್ಲರಿಗಿಂತ ಹೆಚ್ಚು ಕಾಣಲು ಹೋದ ಇಂಥವರಿಗೆ ಕೋಲೂ ಇಲ್ಲ, ಮುಂಜಾನೆಯೂ ಇಲ್ಲ. ತಮ್ಮವರನ್ನು ಕಂಡರೆ ಹಿಡಿಯಲಾರರು, ಹಿಡಿದರೆ ಕಾಣಲಾರರು.