ಎರೆಮಣ್ಣಿನ ಅಂಚು

"ಅಗೀಬ್ಯಾಡ್ರಿ! ಕೈ ತಗೀರಿ ಅಂತೇನಿ! ಅಗದಷ್ಟ ಬಾಕ್ಸ್ ಕೆಳಗ ಕೂಡ್ತದ!"

ವಿಶಾಖಾ ಕಿರುಚಿದ ರಭಸಕ್ಕೆ ತಗ್ಗಿನೊಳಗಿದ್ದ ಕೂಲಿಗಳ ಸಲಿಕೆಗಳು ಅಲ್ಲಲ್ಲೇ ನಿಂತವು. ಅವರ ಪಕ್ಕದಲ್ಲಿ ಹಾವಗೆಪ್ಪ ಮಣ್ಣಿನ ಗೋಡೆಗೆ ಬೆನ್ನು ಕೊಟ್ಟು ಅರೆ ಮಲಗಿದಂತೆ ಕೂತಿದ್ದ. ಅವನ ಎಡಗಾಲು ಸಿಮೆಂಟ್ ಬಾಕ್ಸಿನ ಅಡಿಗೆ ಸಿಕ್ಕಿಬಿದ್ದಿತ್ತು. ಅವನು ಕೂಗುತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ದಿಗಿಲು ಹುಟ್ಟಿಸಿತ್ತು.

ಠಾಣಾ ಕುಶನೂರ ದಾಟಿ, ತೊಗರಿ ಹೊಲಗಳ ನಡುವೆ ಹಳ್ಳಕ್ಕೊಂದು ಸಣ್ಣ ಸೇತುವೆ ಏಳುತ್ತಿತ್ತು. ಆಳೆತ್ತರದ ಸಿಮೆಂಟ್ ಬಾಕ್ಸುಗಳನ್ನು ತಗ್ಗಿಗೆ ಇಳಿಸಿ ಒಂದಕ್ಕೊಂದು ಹೊಂದಿಸುವುದು, ಕ್ರೇನ್ ಬಾಡಿಗೆಗೆ ಕೊಡುವ ವಿಶಾಖಾಳ ಗಾಡಿಯ ಕೆಲಸ. ಬಾಕ್ಸು ಎತ್ತಿಕೊಂಡು ತಗ್ಗಿನ ಅಂಚಿಗೆ ಬಂದ ಕ್ರೇನಿನ ಮುಂದಿನ ಗಾಲಿ ಇದ್ದಕ್ಕಿದ್ದಂತೆ ನೆಲದೊಳಗೆ ಹೂತುಹೋಯಿತು. ಗಾಡಿ ಮುಗ್ಗರಿಸಿತು, ಬಾಕ್ಸು ತೂಗಾಡಿತು, ಅದನ್ನು ಎತ್ತಿಹಿಡಿದಿದ್ದ ಒಂದು ಬದಿಯ ಬೆಲ್ಟು ಜಾರಿತು. ಕೆಳಗೆ ನಿಂತು ಕೈಸನ್ನೆ ಕೊಡುತ್ತಿದ್ದ ಹಾವಗೆಪ್ಪ ಹಿಂದಕ್ಕೆ ಜಿಗಿದಿದ್ದ. ಆದರೆ ಒಂದು ಕಾಲು ಅಲ್ಲೇ ಉಳಿಯಿತು.

ಎರೆಮಣ್ಣಿನಲ್ಲಿ ಗಾಲಿಯ ಅಡಿಗೆ ಹಾಸಲೆಂದೇ ಅವಳ ಬಳಿ ದಪ್ಪನೆಯ ಕಬ್ಬಿಣದ ಪ್ಲೇಟುಗಳಿದ್ದವು. ಬೆಳಿಗ್ಗೆ ಚಿದ್ರಿಯಲ್ಲಿ ಮನೆಯ ಮುಂದೆ ಗಾಡಿ ಹೊರಡುವಾಗ ಅವುಗಳನ್ನು ಭಾಲ್ಕಿಗೆ ಹೋಗುವ ಇನ್ನೊಂದು ಕ್ರೇನಿನ ಜೊತೆ ಕಳಿಸಿದ್ದವಳು ಅವಳೇ. ಭಾಲ್ಕಿಯವರು ಒಂದೇ ಸಮನೆ ಫೋನ್ ಮಾಡಿ ತಲೆ ತಿಂದಿದ್ದರು. "ಪ್ಲೇಟ್ ಇಲ್ಲದ ಹ್ಯಾಂಗ್ರಿ ವಿಶಾಖಾಬಾಯಿ?" ಎಂದು ಹಾವಗೆಪ್ಪ ಕೇಳಿದ್ದ. "ಮಳಿ ಹೋಗಿ ಭಾಳ ದಿನ ಆಯ್ತಲ್ಲಣ್ಣ, ನೆಲ ಒಣಗ್ಯಾದ" ಎಂದಿದ್ದಳು. ಮೇಲಿನ ಪದರ ಒಣಗಿದ್ದು ನಿಜ. ಅದರ ಕೆಳಗೆ ಮಣ್ಣು ಅಂಬಲಿಯಂತಿತ್ತು.

ಈಗ ತಗ್ಗಿನಲ್ಲಿ ನೀರು ಏರುತ್ತಿತ್ತು. ಒಸರುವ ನೀರನ್ನು ಹೊರಗೆ ಚೆಲ್ಲುತ್ತಿದ್ದ ಮೋಟಾರಿನ ಪೈಪು ಬಾಕ್ಸಿನಡಿ ಅಪ್ಪಚ್ಚಿಯಾಗಿತ್ತು. ತಗ್ಗು ತೋಡಿದ ಜೆಸಿಬಿ ನಿನ್ನೆಯೇ ಡಾಬಕಾಕ್ಕೆ ಹೋಗಿತ್ತು. ಅದರ ಡ್ರೈವರ್ ಫೋನ್ ಎತ್ತುತ್ತಿರಲಿಲ್ಲ. ಬೇರೆ ಮೋಟಾರು ತರಲು ಊರಿಗೆ ಓಡಿದವರು ತಿರುಗಿ ಬಂದಿರಲಿಲ್ಲ. ಮೊದಲು ಹಾವಗೆಪ್ಪನ ಸೊಂಟದ ಹತ್ತಿರವಿದ್ದ ಕೆಸರು ನೀರು ಈಗ ಎದೆ ಮುಟ್ಟಿತ್ತು.

"ಮೇಡಂ, ಬೀದರದಿಂದ ದೊಡ್ಡ ಕ್ರೇನ್ ಬರ್ತದ್ರಿ. ಅಲ್ಲಿ ತನಕ ಏನೂ ಮುಟ್ಟಬ್ಯಾಡ್ರಿ" ಎಂದ ಅಮಿತಕುಮಾರ. ಗುತ್ತಿಗೆದಾರರ ಕಡೆಯ ಇಂಜಿನಿಯರ್.

"ಎಲ್ಲಿಗಿ ಬಂದದ?"

"ಇನ್ನಾ ಬೀದರ ಬಿಟ್ಟಿಲ್ಲರಿ."

ವಿಶಾಖಾ ನೀರಿನ ಕಡೆ ಬೆರಳು ಮಾಡಿದಳು. "ಅದು ಅಲ್ಲಿ ತನಕ ಕಾಯ್ತದೇನ್ರಿ?"

ಅವಳು ಕ್ರೇನಿನ ಕಡೆ ಓಡಿದಳು. ಆಪರೇಟರ್ ನಿಜಾಮೋದ್ದೀನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಅವಳ ಗಂಡ ನಾಗಸೇನ ಮೊದಲ ಕ್ರೇನ್ ಕೊಂಡಾಗಿನಿಂದ ಜೊತೆಗಿದ್ದ ಮುದುಕ. ನಾಗಸೇನ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ, ಇದು ಹೆಂಗಸರ ಧಂದೆ ಅಲ್ಲ ಎಂದು ಊರೆಲ್ಲ ಅಂದರೂ ಅವನೂ ಹಾವಗೆಪ್ಪನೂ ಅವಳನ್ನು ಬಿಟ್ಟು ಹೋಗಿರಲಿಲ್ಲ.

"ಚಾಚಾ, ಏಳ್ರಿ. ಬಾಕ್ಸಿನ ಒಂದು ಅಂಚು ಎತ್ತಿದ್ರ ಸಾಕು. ಆ ಕಡಿ ಬೆಲ್ಟ್ ಇನ್ನಾ ಕೊಕ್ಕಿದಾಗೇ ಅದ."

"ನನ್ನಿಂದ ಆಗಂಗಿಲ್ಲ ಬೇಟಿ. ಕೈ ನೋಡು." ಅವನು ಕೈ ಹೊರಗೆ ತೆಗೆದ. ಅವು ನಡುಗುತ್ತಿದ್ದವು. "ಗಾಡಿ ಮತ್ತ ಬಾಗಿತಂದ್ರ ಸೀದಾ ಅಂವನ ಮ್ಯಾಲೇ ಹೋಗ್ತದ. ಅಂವನ್ನ ನನ್ನ ಕೈಲೇ ಕೊಲ್ಲು ಅಂತೀಯೇನು?"

"ಸುಮ್ಮನ ಕೂತ್ರೂ ನಾವೇ ಕೊಂದಂಗ ಚಾಚಾ."

ಅವನು ಮುಖ ತಿರುಗಿಸಿದ. ಸೇತುವೆ ಕೆಲಸಕ್ಕೆ ತಂದಿಟ್ಟಿದ್ದ, ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಪ್ಲೇಟುಗಳನ್ನು ತಾನೇ ಎಳೆಯತೊಡಗಿದಳು. ಅವು ತೆಳು, ಒಂದರ ಮೇಲೊಂದು ಪೇರಿಸಬೇಕು. ಬೈಕು ನಿಲ್ಲಿಸಿ ನೋಡುತ್ತಿದ್ದ ರೈತರಿಗೆ, "ನೋಡ್ಕೋತ ನಿಂದ್ರಬ್ಯಾಡ್ರಪಾ, ಒಡ್ಡಿನ ಕಲ್ಲು ಕಿತ್ತು ತರ್ರಿ!" ಎಂದು ಕೂಗಿದಳು. ಮೊದಲು ಒಬ್ಬ ಓಡಿದ, ಹಿಂದೆ ಎಲ್ಲರೂ ಓಡಿದರು. ಅಮಿತಕುಮಾರ ಅಲ್ಲೇ ನಿಂತು ಯಾರಿಗೋ ಫೋನಿನಲ್ಲಿ "ಹೌದ್ರಿ ಸರ್, ಇಲ್ರಿ ಸರ್" ಅನ್ನುತ್ತಿದ್ದ. ತಗ್ಗಿನಿಂದ ಹಾವಗೆಪ್ಪ ಕೆಮ್ಮಿದ ಸದ್ದು ಬಂತು. ಅಮಿತಕುಮಾರ ಮಾತಿನ ನಡುವೆಯೇ ಫೋನು ಜೇಬಿಗೆ ತುರುಕಿ, ಒಂದು ಕಲ್ಲು ಎದೆಗವಚಿಕೊಂಡು ಬಂದ.

ಯಾವಾಗ ಎದ್ದನೋ, ನಿಜಾಮೋದ್ದೀನ ಕ್ಯಾಬಿನ್ನಿನಲ್ಲಿದ್ದ. ಕೊಕ್ಕೆಯ ವೈರು ಸಡಿಲ ಬಿಟ್ಟು, ಇಂಜಿನ್ ಗರಗರ ಅನ್ನಿಸಿ, ಗಾಡಿಯನ್ನು ಗೇಣುಗೇಣಾಗಿ ಹಿಂದಕ್ಕೆಳೆದ. ಗಾಲಿ ಎದ್ದ ಕುಣಿಯೊಳಗೆ ಕಲ್ಲು ತುಂಬಿ, ಮೇಲೆ ಪ್ಲೇಟು ಹಾಸಿದರು. ಅಷ್ಟಾದ ಮೇಲೆ ಅವನು ಗಾಲಿಯನ್ನು ಅದರ ಮೇಲೆ ಹತ್ತಿಸಿ, ಹೊರಗೆ ತಲೆ ಹಾಕಿ, "ನನಗ ಇಲ್ಲಿಂದ ತಗ್ಗು ಕಾಣ್ಸಂಗಿಲ್ಲ. ಇಶಾರಾ ಯಾರು ಕೊಡೋರು?" ಎಂದ.

ಇಶಾರೆ ಕೊಡುವವನು ಬಾಕ್ಸಿನಡಿ ಇದ್ದ.

ವಿಶಾಖಾ ಸೆರಗು ಬಿಗಿದು ತಗ್ಗಿಗೆ ಜಾರಿದಳು. ಮೇಲಿನಿಂದ ನಿಜಾಮೋದ್ದೀನ ಬೊಬ್ಬೆ ಹಾಕಿದ. "ಏ ಬೇಟಿ! ನೀ ಇಳದ್ರ ನಾ ಎತ್ತಂಗಿಲ್ಲ! ಖುದಾನ ಆಣಿ, ಎತ್ತಂಗಿಲ್ಲ!" ಅವಳು ನಿಲ್ಲಲಿಲ್ಲ. ತಣ್ಣನೆಯ ನೀರು ಸೊಂಟಕ್ಕೇರಿತು. ಹಾವಗೆಪ್ಪನ ಗದ್ದಕ್ಕೆ ನೀರು ತಾಗುತ್ತಿತ್ತು. ಅವನ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು.

"ವಿಮಲಾಗ ಫೋನ್ ಹಚ್ಚೀರೇನ್ರಿ?" ಎಂದು ಕೇಳಿದ. ವಿಮಲಾಬಾಯಿ ಅವನ ಹೆಂಡತಿ.

"ಇಲ್ಲಣ್ಣ."

"ಹಚ್ಚಬ್ಯಾಡ್ರಿ. ಅಕಿ ಹೆದರ್ತಾಳ." ಬಾಕ್ಸಿನ ಕಡೆ ನೋಡಿ, "ಕಾಲು ಅದೋ ಇಲ್ಲೋ ತಿಳೀವಲ್ದು" ಎಂದ.

ಅವಳು ಅವನ ಬಗಲಿಗೆ ಒಂದು ಕೈ ಕೊಟ್ಟು, ಇನ್ನೊಂದನ್ನು ತಗ್ಗಿನ ಅಂಚಿಗಿಂತ ಎತ್ತರಕ್ಕೆ ಚಾಚಿದಳು. ಕೂಲಿಗಳು ಅವನನ್ನು ಎರಡೂ ಕಡೆ ಹಿಡಿದು ನಿಂತರು. ಚಾಚಿದ ಕೈಯ ತೋರುಬೆರಳನ್ನು ನಿಧಾನಕ್ಕೆ ತಿರುವಿದಳು. ಮೇಲೆ ಏನೂ ಆಗಲಿಲ್ಲ. ಮತ್ತೆ ತಿರುವಿದಳು. "ಚಾಚಾ!" ಎಂದಳು. ಆಮೇಲೆ ಗಂಟಲು ಹರಿಯುವಂತೆ, "ಚಾಚಾ, ಎತ್ರೀ!"

ಇಂಜಿನ್ ಸದ್ದು ಏರಿತು. ಬೆಲ್ಟು ಬಿಗಿಯಿತು, ಕಿರುಗುಟ್ಟಿತು. ಬಾಕ್ಸಿನ ಅಂಚು ಅಲುಗಿತೋ ಇಲ್ಲವೋ ಅನ್ನುವಷ್ಟರಲ್ಲಿ ನೀರು ಬಗ್ ಎಂದು ಅದರಡಿಗೆ ನುಗ್ಗಿತು. ಇನ್ನಷ್ಟು. ಇನ್ನಷ್ಟು. ಅವಳು ಮುಷ್ಟಿ ಬಿಗಿದಳು. ಬಾಕ್ಸು ಅಲ್ಲೇ ನಿಂತಿತು. "ಎಳೀರಿ!"

ಆಗ ಹಾವಗೆಪ್ಪ ಕೂಗಿದ. ಅಲ್ಲಿಯವರೆಗೆ ನುಂಗಿದ್ದೆಲ್ಲ ಒಟ್ಟಿಗೇ ಹೊರಬಿದ್ದಂತಿತ್ತು. ಅವನನ್ನು ಎಳೆದು ಗೋಡೆಗೆ ಅವಚಿದ್ದೇ ತಡ, ಮೇಲೆ ಕಲ್ಲು ಕುಸಿದ ಸದ್ದಾಗಿ ಬಾಕ್ಸು ಧಡ್ ಎಂದು ಅದೇ ಜಾಗಕ್ಕೆ ಕೂತಿತು. ಕೆಸರು ನೀರು ಅಲೆಯಾಗಿ ವಿಶಾಖಾಳ ಮುಖಕ್ಕೆ ಹೊಡೆಯಿತು. ಕಣ್ಣೊರೆಸಿಕೊಂಡು ನೋಡಿದರೆ ಕ್ರೇನು ತಗ್ಗಿನ ಮೇಲೆ ವಾಲಿಕೊಂಡು ನಿಂತಿತ್ತು. ನಿಜಾಮೋದ್ದೀನ ಸ್ಟೀರಿಂಗಿಗೆ ಹಣೆ ಹಚ್ಚಿದ್ದ.

ಔರಾದಿನ ದವಾಖಾನೆಯಲ್ಲಿ ರಕ್ತ ನಿಲ್ಲಿಸಿ ಬೀದರಿಗೆ ಕಳಿಸಿದರು. ಬೀದರಿನಲ್ಲಿ ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಜೀವಕ್ಕೆ ತೊಂದರೆ ಇಲ್ಲ, ಆದರೆ ಮೊಳಕಾಲಿನ ಕೆಳಗೆ ಉಳಿಸಲಾಗುವುದಿಲ್ಲ ಎಂದರು. ಸಂಜೆಯ ಹೊತ್ತಿಗೆ ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ವಿಶಾಖಾಳೂ ವಿಮಲಾಬಾಯಿಯೂ ಕೂತಿದ್ದರು. ವಿಮಲಾಬಾಯಿ ಅತ್ತು ಅತ್ತು ದಣಿದಿದ್ದಳು. ವಿಶಾಖಾಳ ಸೀರೆಯ ಮೇಲೆ ಎರೆಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

"ನೀವೇ ನೀರಿನಾಗ ಇಳದ್ರಂತ. ನಿಜಾಮಚಾಚಾ ಹೇಳಿದ್ರು. ನೀವಿಲ್ಲಂದ್ರ..." ವಿಮಲಾಬಾಯಿ ಅವಳ ಕೈ ಹಿಡಿದುಕೊಂಡಳು.

ವಿಶಾಖಾ ಹಿಡಿದ ಕೈಯನ್ನೇ ನೋಡಿದಳು. "ವೈನಿ, ಗಾಲಿ ಕೆಳಗ ಪ್ಲೇಟ್ ಇರಲಿಲ್ಲ. ಮುಂಜಾನಿ ಅವನ್ನ ಭಾಲ್ಕಿಗಿ ಕಳಿಸ್ದಕಿ ನಾನೇ. ಅಣ್ಣ ಬ್ಯಾಡ ಅಂದಂಗೇ ಕೇಳಿದ್ದ. ನಾನೇ ನಡೀತದ ಅಂದೆ."

ವಿಮಲಾಬಾಯಿಯ ಕೈ ಸಡಿಲವಾಯಿತು. ಅದನ್ನು ಅವಳು ತನ್ನ ಮಡಿಲಿಗೆ ತೆಗೆದುಕೊಂಡಳು. ಆದರೆ ಎದ್ದು ಹೋಗಲಿಲ್ಲ.

ಬಾಗಿಲು ತೆರೆದು ನರ್ಸೊಬ್ಬಳು ಪ್ಲಾಸ್ಟಿಕ್ ಚೀಲವೊಂದನ್ನು ಕೊಟ್ಟು ಹೋದಳು. ಒಳಗೆ ಕತ್ತರಿಸಿ ತೆಗೆದ ಪ್ಯಾಂಟು, ಒದ್ದೆ ಅಂಗಿ, ಬಲಗಾಲಿನ ಬೂಟು. ವಿಮಲಾಬಾಯಿ ಚೀಲದೊಳಗೆ ಕೈಯಾಡಿಸಿ ಮತ್ತೊಂದನ್ನು ಹುಡುಕಿದಳು. ಆಮೇಲೆ ಹುಡುಕುವುದನ್ನು ಬಿಟ್ಟಳು. ಬೂಟನ್ನು ಮಡಿಲಲ್ಲಿ ಮಗುಚಿ ಹಾಕಿ, ತಲೆಯಿಂದ ಒಂದು ಪಿನ್ನು ಎಳೆದು, ಅಡಿಯ ಗೆರೆಗಳಲ್ಲಿ ಮೆತ್ತಿಕೊಂಡಿದ್ದ ಎರೆಮಣ್ಣನ್ನು ಕೆರೆಯತೊಡಗಿದಳು. ಹೆಂಟೆಗಳು ಒಂದೊಂದೇ ನೆಲಕ್ಕೆ ಬಿದ್ದವು.

ವಿಶಾಖಾ ಅವುಗಳ ಕೆಳಗೆ ಬೊಗಸೆ ಒಡ್ಡಿದಳು. ವಿಮಲಾಬಾಯಿ ತಲೆ ಎತ್ತಲಿಲ್ಲ. ಬೂಟನ್ನು ಮಾತ್ರ ತುಸು ಅವಳ ಬೊಗಸೆಯ ಕಡೆ ವಾಲಿಸಿದಳು.